ಗಾಲೀಚೆಯ ಮೇಲೆ ಮಾಮಾ ನಿಂತ ಜಾಗ

ನನ್ನ ಸೋದರಮಾವ ತಮ್ಮ ಜೀವಮಾನದಲ್ಲಿ ಒಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಸುಳ್ಳು ಹೇಳಿದವರಲ್ಲ. ಆ ಒಬ್ಬರು ಅವರ ಹೆಂಡತಿ, ನನ್ನ ಮಾಮಿ. ಮೂರು ವರ್ಷದ ಆ ಸುಳ್ಳುಗಳೆಲ್ಲ ಒಂದೇ ದಿನ, ಸಂಜೆ ಐದು ಗಂಟೆಗೆ ಬಯಲಾಗುವುದಿತ್ತು. ಅದೇ ದಿನ ಬೆಳಿಗ್ಗೆ ಹತ್ತು ನಲವತ್ತಕ್ಕೆ ನಾನು ಖಾನಾಪುರದಲ್ಲಿ ಅವರ ಮನೆಯ ಪಡಸಾಲೆಯ ಹೊಸ್ತಿಲಲ್ಲಿ ನಿಂತಿದ್ದೆ. ಬಲಗಾಲು ಒಳಗಿತ್ತು, ಎಡಗಾಲು ಹೊರಗಿತ್ತು, ಕೈಯಲ್ಲಿ ಮಾಮಿಯ ಬಟ್ಟೆಯ ಚೀಲವಿತ್ತು. ಗೋಡೆಯ ಗಡಿಯಾರ ಹತ್ತು ನಲವತ್ತೈದು ತೋರಿಸುತ್ತಿತ್ತು. ಅದು ಐದು ನಿಮಿಷ ಮುಂದಿರುತ್ತದೆ.

ಮಾಮಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸಕ್ಕರೆ ಕಾಯಿಲೆ ಹತೋಟಿಗೆ ಬಾರದೆ ಆಪರೇಷನ್ ಮುಂದಕ್ಕೆ ಹೋಗುತ್ತ ಮೂರು ವರ್ಷವಾಯಿತು. ಅಷ್ಟರಲ್ಲಿ ಅವರಿಗೆ ಬೆಳಕು ಬೇರೆ, ನೆರಳು ಬೇರೆ ಎನ್ನುವಷ್ಟು ಮಾತ್ರ ಉಳಿದಿತ್ತು. ಮನೆಯನ್ನು ಅವರು ಮಾಮಾನ ಬಾಯಿಂದಲೇ ನೋಡುತ್ತಿದ್ದರು. ಗೋಡೆಯ ಹಸಿರು ಬಣ್ಣ ಹಪ್ಪಳದಂತೆ ಎದ್ದಿತ್ತು. ಮಾಮಾ "ಹಂಗ ಐತಿ" ಎನ್ನುತ್ತಿದ್ದರು. ಹಿತ್ತಲ ಮಲ್ಲಿಗೆ ಬಳ್ಳಿ ಒಣಗಿ ಕಟ್ಟಿಗೆಯಾಗಿತ್ತು. ಮಾಮಾ ಪೇಟೆಯಿಂದ ಹೂ ತಂದು "ನಮ್ಮ ಬಳ್ಳೀದು" ಎಂದು ಅವರ ಕೈಗಿಡುತ್ತಿದ್ದರು. ಒಂದು ದಿನ ಅವಸರದಲ್ಲಿ ಕಟ್ಟಿದ ಹೂವನ್ನೇ ಕೊಟ್ಟರು. ಮಾಮಿ ದಾರವನ್ನು ಬೆರಳಿಂದ ಸವರಿ, "ನಮ್ಮ ಬಳ್ಳಿ ಭಾಳ ಶಾಣ್ಯಾ ಆಗೇತ್ರಿ, ತಾನ ಮಾಲಿ ಕಟ್ಟಕೊಂಡ ಅರಳತೈತಿ" ಅಂದರು.

ಮಾಮಿ ವಾರಕ್ಕೊಮ್ಮೆ ಎರಡು ಪ್ರಶ್ನೆ ಕೇಳುತ್ತಿದ್ದರು. ಒಂದು, "ಗಾಲೀಚಾ ಹೆಂಗ ಐತಿ?" ಅದು ಅವರು ಬೆಳಗಾವಿಯ ಪೇಟೆಯಲ್ಲಿ ಅರ್ಧ ದಿನ ಅಲೆದು ಆರಿಸಿ ತಂದ ದಟ್ಟ ಕೆಂಪಿನ ಗಾಲೀಚೆ. "ತಂದ ದಿನ ಹೆಂಗಿತ್ತೋ ಹಂಗ ಐತಿ," ಎನ್ನುತ್ತಿದ್ದರು ಮಾಮಾ. ಇನ್ನೊಂದು, "ನಿಮ್ಮ ಕೂದಲಾ ಬೆಳ್ಳಗ ಆಗ್ಯಾವೇನು?" ಅದಕ್ಕೆ ಉತ್ತರ, "ಎರಡೋ ಮೂರೋ." ಮಾಮಾನ ತಲೆ ಅಷ್ಟರಲ್ಲಿ ಹತ್ತಿಯ ಉಂಡೆಯಾಗಿತ್ತು. ಗಾಲೀಚೆಯ ಮಾತೊಂದು ಮಾತ್ರ ಅಪ್ಪಟ ನಿಜ. ಇದನ್ನು ಓದುಗರು ನೆನಪಿಡಬೇಕು.

ಕೊನೆಗೆ ಬೆಳಗಾವಿಯ ನೆಹರು ನಗರದ ಆಸ್ಪತ್ರೆಯಲ್ಲಿ ಮಾಮಿಯನ್ನು ಒಂದು ವಾರ ಇಟ್ಟುಕೊಂಡು, ಸಕ್ಕರೆ ಇಳಿಸಿ, ಒಂದು ಕಣ್ಣಿನ ಆಪರೇಷನ್ ಮಾಡಿದರು. ಮರುದಿನ ಪಟ್ಟಿ ಬಿಚ್ಚಿ ಸಂಜೆ ಐದಕ್ಕೆ ನನ್ನ ಹೆಂಡತಿ ಸುನಂದಾ ಅವರನ್ನು ಕಾರಿನಲ್ಲಿ ಕರೆತರುವುದೆಂದು ಠರಾವಾಯಿತು. ಮನೆ ಸಿದ್ಧವಾಗಿದೆಯೋ ನೋಡಲು ನಾನು ಅದೇ ಊರಿನ ಟಿಳಕವಾಡಿಯ ನಮ್ಮ ಮನೆಯಿಂದ ಮುಂಚೆಯೇ ಬಸ್ಸಿನಲ್ಲಿ ಬಂದೆ. ಬಂದವನು ಬೆರಗಾದೆ. ಗೋಡೆಗೆ ಹೊಸ ಹಸಿರು. ಸತ್ತ ಬಳ್ಳಿಯ ಜಾಗದಲ್ಲಿ ಹೂ ಬಿಟ್ಟ ಹೊಸ ಬಳ್ಳಿ. ಮಾಮಾ ತಮ್ಮ ಸುಳ್ಳುಗಳನ್ನು ಒಂದೊಂದಾಗಿ ನಿಜ ಮಾಡುತ್ತಿದ್ದರು. ಉಳಿದದ್ದು ತಲೆ.

ಅವರು ಸರಕಾರಿ ದವಾಖಾನೆಯ ನಿವೃತ್ತ ಕಂಪೌಂಡರ್. ತಲೆಗೆ ಹಚ್ಚುವ ಬಣ್ಣದ ಪ್ಯಾಕೆಟ್ಟಿನೊಳಗಿನ ಸಣ್ಣಕ್ಷರದ ಚೀಟಿಯನ್ನು ಪೂರ್ತಿ ಓದಿದ ಮನುಷ್ಯ ಇಡೀ ತಾಲೂಕಿನಲ್ಲಿ ಅವರೊಬ್ಬರೇ ಇರಬೇಕು. ಅದರಲ್ಲಿದ್ದಂತೆ ಮೈಗೆ ಒಗ್ಗುತ್ತದೋ ಎಂದು ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ಕಾದಿದ್ದರು. ಈಗ ಕನ್ನಡಿಯ ಮುಂದೆ, ಗಾಲೀಚೆಯ ಮೇಲೆ ಪೇಪರು ಹಾಸಿ, ತೊಡೆಯ ಮೇಲೆ ಬಣ್ಣದ ಬಟ್ಟಲಿಟ್ಟುಕೊಂಡು ಕುಳಿತಿದ್ದರು. ಎಡ ಅರ್ಧ ಮುಗಿದಿತ್ತು.

ನಾನು "ಮಾಮಾ" ಎಂದೆ. ನಾನಾಡಿದ್ದು ಇಷ್ಟೇ. ಅವರು ತಿರುಗಿದರು. ಬಟ್ಟಲು ಪೇಪರನ್ನು ಬಿಟ್ಟು, ಒಂದು ಗೇಣು ಆಚೆ, ಬೋರಲಾಗಿ ಬಿತ್ತು.

ಒಂದು ಸುಳ್ಳನ್ನು ನಿಜ ಮಾಡಲು ಹೋಗಿ, ಇದ್ದ ಒಂದು ನಿಜವೂ ಹಾಳಾಯಿತು. ನಾನು ಚೀಲ ಬಿಸಾಡಿ ಟವೆಲ್ಲಿನಿಂದ ತಿಕ್ಕಲು ಓಡಿದೆ.

"ತಿಕ್ಕಬ್ಯಾಡ," ಅಂದರು ಮಾಮಾ, ದನಿ ಏರಿಸದೆ. "ಗಾಯಾ ಯಾರರೆ ತಿಕ್ಕತಾರೇನಲೇ? ಒತ್ತಬೇಕು. ಅಂಚಿನಿಂದ ನಡಕ್ಕ."

"ಮೊದಲ ತಲಿ ಮುಗಿಸ್ರಿ ಮಾಮಾ. ನಾ ಓಡಿ ಹೋಗಿ ಇನ್ನೊಂದ ಪ್ಯಾಕೆಟ್ ತರತೀನಿ."

"ಹೊಸಾ ಪ್ಯಾಕೆಟ್ ಅಂದ್ರ ಹೊಸಾ ಟೆಸ್ಟ್. ಎರಡ ದಿನಾ."

"ಹಂಗಾದ್ರ ಪೂರಾ ಬೋಳಿಸಿಬಿಡ್ರಿ."

"ಕೂದಲಾ ಅದಾವ ಅಂತ ಹೇಳೀನಿ ಆಕಿಗೆ."

ಹಚ್ಚಿದ ಬಣ್ಣಕ್ಕೆಂದು ಇಟ್ಟಿದ್ದ ಮೂವತ್ತು ನಿಮಿಷದ ಅಲಾರಾಂ ಹೊಡೆಯಿತು. ಮಾಮಾ ಎದ್ದು ಹೋಗಿ ಎಡ ಅರ್ಧ ತಲೆ ತೊಳೆದುಕೊಂಡು ಬಂದು ಮತ್ತೆ ಮಂಡಿಯೂರಿದರು. ಆಮೇಲೆ ಸಂಜೆಯವರೆಗೆ ಅವರು ತಲೆಯ ಸುದ್ದಿ ಎತ್ತಲಿಲ್ಲ.

ಮೊದಲು ಪಾತ್ರೆ ತೊಳೆಯುವ ಸಾಬೂನು, ತಣ್ಣೀರಿನಲ್ಲಿ. ಬಿಸಿ ನೀರು ಬೇಡ, ಬಣ್ಣ ಬೇರು ಬಿಡುತ್ತದೆ ಎಂದರು. ಆಮೇಲೆ ಸ್ಪಿರಿಟ್ಟು. ಅರಳೆಯ ಉಂಡೆ ಅದ್ದಿ ಒತ್ತುವುದು, ಕರಿಯಾದದ್ದನ್ನು ತಟ್ಟೆಗೆ ಹಾಕುವುದು, ಹೊಸ ಉಂಡೆ. ಎಣಿಸುವ ಕೆಲಸ ನನ್ನದು. ನೂರಾ ಹನ್ನೊಂದನೆಯ ಉಂಡೆಯೂ ಬೂದುಬಣ್ಣವೇ. ಆಗ ಮಾಮಾ ತಮ್ಮ ಹಳೆಯ ಔಷಧಿಯ ಪೆಟ್ಟಿಗೆಯಿಂದ, ಗಾಯ ತೊಳೆಯಲು ಬಳಸುವ ನೊರೆ ಬರುವ ನೀರಿನ ಬಾಟಲಿ ತೆಗೆದರು. ಬಾಟಲಿಗೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಡೋಸುಗಳ ಗುರುತು ಮಾಡಿದರು. ಗಾಲೀಚೆಗೆ ಡೋಸು! ಹತ್ತು ನಿಮಿಷಕ್ಕೊಂದರಂತೆ ಮೂರು ಡೋಸು ಹಾಕಿದರು. ನೊರೆ ಎದ್ದಿತು, ಇಳಿಯಿತು.

"ನೋಡು, ಕರಿ ಹೋತು."

"ಕೆಂಪೂ ಹೋತ್ರಿ, ಮಾಮಾ."

"ಅದನ್ನ ನಾ ಕೇಳಲಿಲ್ಲ," ಅಂದರು. ಆದರೆ ಅಂಗೈಯಗಲದ ಆ ಬಿಳಿ ಜಾಗವನ್ನು ನೋಡುತ್ತ, ಅರಳೆ ಹಿಡಿದ ಅವರ ಕೈ ಮೊದಲ ಸಲ ನಿಂತಿತು. "ಆಕಿ ಇದನ್ನ ವಾರಾ ವಾರಾ ಕೇಳತಿದ್ಲು ನೋಡು. ಖರೇ ಹೇಳೂದು ಇದೊಂದ ಇತ್ತು ನನ್ನ ಕಡೆ."

ಅಷ್ಟರಲ್ಲಿ ಬಾಜೂ ಮನೆಯ ಅನಸೂಯಾಬಾಯಿ ಮಾಮಿಗೆಂದು ಸಾರು ಮಾಡಲು ಕೋಕಂ, ಅಂದರೆ ಮುರುಗಲ ಹುಳಿಯ ಸಿಪ್ಪೆ, ನೆನೆಹಾಕಿದ ಪಾತ್ರೆ ಹಿಡಿದೇ ಒಳಗೆ ಬಂದರು. ಅವರ ಮನೆಮಾತು ಮರಾಠಿ. "ಅಗಬಾಯಿ," ಅಂದರು. "ತಲಿ ಅರ್ಧಾ ಕರಿ, ಗಾಲೀಚಾ ನಡಕ ಬಿಳಿ. ಏನ ನಡಿಶೀರಿ ಇಲ್ಲೆ?"

ಮಾಮಾ ಪಾತ್ರೆಯೊಳಗಿನ ದಟ್ಟ ಕೆಂಪು ನೀರನ್ನು ನೋಡಿದರು. ಗಾಲೀಚೆ ನೋಡಿದರು. ಮತ್ತೆ ಪಾತ್ರೆ ನೋಡಿದರು.

"ಇದ ಸಾರಿಂದ್ರಿ," ಎಂದು ಅನಸೂಯಾಬಾಯಿ ಪಾತ್ರೆ ಹಿಂದಕ್ಕೆಳೆದುಕೊಂಡರು. ಆಮೇಲೆ ಬಿಳಿ ಕಲೆ ನೋಡಿ ತಾವೇ ಕೆಳಗಿಟ್ಟರು. ತಮಾಷೆಗೆ, "ಉಪ್ಪು ಬ್ಯಾಡೇನ್ರಿ?" ಅಂದರು.

"ಉಪ್ಪು ಬಣ್ಣಾ ಹಿಡಸ್ತದ. ಒಂದ ಚಮಚಾ ತರ್ರಿ," ಅಂದರು ಮಾಮಾ, ತಮಾಷೆಯಿಲ್ಲದೆ.

ತಲೆಗೆ ಬಣ್ಣ ಹಚ್ಚುವ ಬ್ರಷ್ಷನ್ನೇ ತೊಳೆದು, ನೂಲು ನೂಲಿಗೆ ಕೋಕಂ ಹಚ್ಚಿದರು. ಹಚ್ಚುವುದು, ಕಿಟಕಿಯ ಬೆಳಕಿಗೆ ಕತ್ತು ವಾರೆ ಮಾಡಿ ನೋಡುವುದು, ಮತ್ತೆ ಹಚ್ಚುವುದು. ನಾಲ್ಕು ಸುತ್ತಾಯಿತು. ನಾಲ್ಕು ಐವತ್ತಕ್ಕೆ ಕೆಂಪು ಕೆಂಪಿಗೆ ಹತ್ತಿರ ಬಂದಿತ್ತು, ಆದರೆ ಒದ್ದೆಯಿತ್ತು. ಮನೆ ತುಂಬ ಊಟದ ವಾಸನೆ. ಕಾರಿನ ಸದ್ದು ಕೇಳಿತು. ಮಾಮಾ ಬಿಳಿ ಟೊಪ್ಪಿಗೆಯನ್ನು ಕಿವಿಯವರೆಗೆ ಎಳೆದುಕೊಂಡು, ನೇರ ಹೋಗಿ ಆ ಒದ್ದೆ ಜಾಗದ ಮೇಲೆ ನಿಂತುಬಿಟ್ಟರು.

ಮಾಮಿ ಸುನಂದಾಳ ಕೈ ಹಿಡಿದು ಒಳಗೆ ಬಂದರು. ಕಪ್ಪು ಕನ್ನಡಕ ತೆಗೆದರು. ಗೋಡೆ ನೋಡಿದರು. ಗಾಲೀಚೆಯನ್ನು ಅಂಚಿನಿಂದ ಅಂಚಿಗೆ ನೋಡಿದರು. ಮಾಮಾನ ಪಾದ ನೋಡಿದರು.

"ಕುಂದರ್ರಲ್ಲಾ."

"ಇರಲಿ, ನಿಂತಿರತೀನಿ."

"ಮನ್ಯಾಗ ಯಾಕ ಟೊಪಗಿ? ತಗೀರಿ."

ಮಾಮಾ ತೆಗೆಯಲಿಲ್ಲ. ಮಾಮಿ ಹತ್ತಿರ ಹೋಗಿ ತಾವೇ ತೆಗೆದರು. ಎಡಗಡೆ ಕಾಡಿಗೆ, ಬಲಗಡೆ ಅರಳೆ. ಸುನಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾಮಿ ನಗಲಿಲ್ಲ. ಆ ಒಂದು ಕಣ್ಣಿನಿಂದ ಎಡಗಡೆ ನೋಡಿ, ಬಲಗಡೆ ತುಂಬ ಹೊತ್ತು ನೋಡಿದರು.

"ಈ ಬಾಜೂ ನನಗ ಗೊತ್ತೈತಿ," ಎಂದು ಕಪ್ಪನ್ನು ಮುಟ್ಟಿದರು. ಕೈ ಬಿಳಿಯ ಮೇಲೆ ಹೋಗಿ ಅಲ್ಲೇ ನಿಂತಿತು. "ಈ ಬಾಜೂನೂ ಗೊತ್ತೈತಿ. ಮೂರ ವರ್ಷ ಪ್ರತಿ ಆಯ್ತವಾರ ಎಣ್ಣಿ ಹಚ್ಚಿದಾಕಿ ನಾನಲ್ಲೇನ್ರಿ? ಬಿಳಿ ಕೂದಲಾ ಕೈಗೆ ಬ್ಯಾರೆನ ಹತ್ತತಾವ."

"ಮತ್ತ ವಾರಾ ವಾರಾ ಕೇಳತಿದ್ದಿ?"

"ನೀವು ಹೇಳೂದು ಕೇಳಲಿಕ್ಕೆ ಕೇಳತಿದ್ದೆ." ಆಮೇಲೆ, "ಈಗ ಕಾಲ ತಗೀರಿ," ಅಂದರು.

ಮಾಮಾ ಕಾಲು ತೆಗೆದರು. ಅಂಗಾಲು ಕೆಂಪಗಾಗಿತ್ತು. ಮಾಮಿ ಮೂಗರಳಿಸಿ, "ಸಾರು ಇಲ್ಲೇ ಬಡಿಸೀರೇನು?" ಅಂದರು. ಆಗ ನಕ್ಕರು. ಮಾಮಾ ಮಾತ್ರ ಗೋಡೆಯ ಕಡೆ ತಿರುಗಿ ನಿಂತರು. ಅವರ ಮುಖ ನನಗೆ ಕಾಣಲಿಲ್ಲ; ಕಾಣದ್ದನ್ನು ನಾನು ಬರೆಯುವುದಿಲ್ಲ.

ಉಳಿದರ್ಧಕ್ಕೆ ಅವರು ಬಣ್ಣ ಹಚ್ಚಲೇ ಇಲ್ಲ. ಕಪ್ಪು ತಾನಾಗಿ ಬೆಳೆದು ಹೋಗುವವರೆಗೆ ಹಾಗೆಯೇ ಪೇಟೆಗೆ ಹೋಗಿ ಬಂದರು, ಟೊಪ್ಪಿಗೆಯಿಲ್ಲದೆ. ಹೋದ ಮಳೆಗಾಲದಲ್ಲಿ ತೀರಿಕೊಂಡರು. ಗಾಲೀಚೆ ಅಲ್ಲೇ ಇದೆ. ಆ ಜಾಗದ ಕೆಂಪು ಈಗ ಕಂದು ಬಣ್ಣಕ್ಕೆ ತಿರುಗಿದೆ. ತೊಳೆಯಲು ಕೊಡೋಣವೆಂದು ನಾನು ಎರಡು ಸಲ ಕೇಳಿದೆ. ಎರಡು ಸಲವೂ ಮಾಮಿ ಬೇಡವೆಂದರು.

ಸಾಕ್ಷಿ ಬೇಕೆನ್ನುವವರಿಗೆ ಹೇಳುತ್ತೇನೆ: ಬಟ್ಟಲು ಬಿದ್ದದ್ದನ್ನು ನೋಡಿದವರು ಇಬ್ಬರು, ಈಗ ನಾನೊಬ್ಬ. ಕೋಕಂ ಹಚ್ಚಿದ್ದನ್ನು ಕಂಡ ಅನಸೂಯಾಬಾಯಿ ಖಾನಾಪುರದಲ್ಲಿ ಅದೇ ಮನೆಯಲ್ಲಿದ್ದಾರೆ. ಟೊಪ್ಪಿಗೆ ತೆಗೆದದ್ದನ್ನು ಕಂಡ ಸುನಂದಾ ಟಿಳಕವಾಡಿಯಲ್ಲಿದ್ದಾಳೆ. ತೆಗೆದ ಮಾಮಿ ಇದ್ದಾರೆ. ಇನ್ನೊಂದು ಕಣ್ಣಿನ ಆಪರೇಷನ್ನೂ ಆಗಿ, ಈಗ ಎರಡೂ ಕಣ್ಣಿಗೆ ಸ್ವಚ್ಛ ಕಾಣುತ್ತದೆ.