ಗೆಜ್ಜೆಯ ಖಡ್ಗದೊಂದಿಗೆ ಸಂಸಾರ

ಮನೆಯಲ್ಲಿ ಖಡ್ಗವಿದ್ದರೆ ಕಳ್ಳರು ಹೆದರಬೇಕು. ನಮ್ಮ ಮನೆಯಲ್ಲಿ ಹೆದರುವ ಸರದಿ ಪ್ರತಿಸಲವೂ ನನ್ನದೇ. ಫಿಲಿಪೈನ್ಸ್‌ನ ಟಿಬೋಲಿ, ಬ್ಲಾನ್ ಬುಡಕಟ್ಟುಗಳ ಹಳೆಯ ಖಡ್ಗಗಳನ್ನು ಸಂಗ್ರಹಿಸುವುದು ನನ್ನ ಹವ್ಯಾಸ. ನಾವಿರುವ ಈ ಪರದೇಶದಲ್ಲಿ ಅದಕ್ಕೆ ಬೇಕಾದ ಪೊಲೀಸರ ಅನುಮತಿ ನನ್ನಲ್ಲಿದೆ. ಕೊಂಡದ್ದು ನಿಜಕ್ಕೂ ಹಳೆಯದೇ ಎಂಬ ಧೈರ್ಯ ಮಾತ್ರ ಇಲ್ಲ.

೧. ಸ್ಕ್ರೂ

ಮಾರಾಟಗಾರರು ಮೊದಲು ತೋರಿಸಿದ ಖಡ್ಗದ ಹಿತ್ತಾಳೆಯ ಹಿಡಿಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಇದು ಹಳೆಯದಲ್ಲವೇನೋ ಎಂಬ ಭಯ ಹುಟ್ಟಿತು.

“ಮುತ್ತಜ್ಜನ ಕಾಲದ್ದು, ಆಂಟಿ.”

“ಹಾಗಾದರೆ ಈ ಸ್ಕ್ರೂ?”

ಅವರು ಕೊಂಚವೂ ಅಳುಕಲಿಲ್ಲ. “ಅದೂ ಹಳೆಯದೇ, ಆಂಟಿ. ತುಕ್ಕು ಹಿಡಿದಿದೆ ನೋಡಿ!”

೨. ಲಿಫ್ಟ್

ಸ್ಕ್ರೂ ಇಲ್ಲದ ಇನ್ನೊಂದನ್ನು ಆರಿಸಿ, ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ ತಂದೆ. ಈ ಖಡ್ಗಗಳ ಹಿಡಿಗೆ ಪುಟ್ಟ ಗೆಜ್ಜೆಗಳಿರುತ್ತವೆ. ಲಿಫ್ಟ್ ಏರುತ್ತಿದ್ದಂತೆ ಅವು ಘಲ್ಲೆಂದವು. ಪಕ್ಕದ ಮನೆಯ ವೃದ್ಧೆ ನನ್ನ ಕಂಕುಳಿನ ಗಂಟನ್ನೇ ದಿಟ್ಟಿಸಿದರು. ಖಡ್ಗವೆಂದರೆ ಆಕೆ ಕಿರುಚಿಕೊಂಡಾರೆಂಬ ಭಯ.

“ಬೆಕ್ಕಾ?”

“ಹೌದು,” ಎಂದುಬಿಟ್ಟೆ.

ಇಳಿಯುವಾಗ ಆಕೆ ನನ್ನ ತೋಳು ಸವರಿದರು. “ಪಾಪ, ಇಷ್ಟು ಸೆಟೆದುಕೊಂಡಿದೆ. ಬೇಗ ಡಾಕ್ಟರಿಗೆ ತೋರಿಸಿ.”

೩. ಆಯುಧಪೂಜೆ

ಖಡ್ಗ ಅಸಲಿಯೋ ನಕಲಿಯೋ ಎಂದು ಹೇಳಲು ಪರಿಣತರೊಬ್ಬರು ಬರುವವರಿದ್ದರು. ತಲೆಮಾರುಗಳ ಕೈ ತಾಗಿ ಹಿಡಿಯ ಮೇಲೆ ಕೂತ ಕಪ್ಪೇ ಅದರ ವಯಸ್ಸಿಗೆ ಸಾಕ್ಷಿ. ಅದನ್ನು ಒರೆಸಲೂ ನನಗೆ ಅಂಜಿಕೆ. ಅಂದೇ ಆಯುಧಪೂಜೆ. ಉಡುಪಿಯಿಂದ ಬಂದಿದ್ದ ನಾದಿನಿ ಖಡ್ಗ ಹಿಡಿದೇ ಅಡುಗೆಮನೆಯಿಂದ ಹೊರಬಂದಳು. ಅಲಗಿಗೆ ಕುಂಕುಮ, ಹಿಡಿ ಫಳಫಳ.

“ಏನು ಅತ್ತಿಗೆ, ಇಷ್ಟು ಓದಿದ್ದೀರಿ, ಹಿತ್ತಾಳೆ ತಿಕ್ಕೋದು ಗೊತ್ತಿಲ್ವಾ? ಹುಣಸೆಹಣ್ಣು ಹಾಕಿ ತಿಕ್ಕಿದೆ.”

ಅಷ್ಟರಲ್ಲಿ ಕರೆಗಂಟೆ.

ಪರಿಣತರು ಹಿಡಿಯನ್ನು ಕಂಡು ಹುಬ್ಬೇರಿಸಿದರು. ಅಲಗಿನ ಸವೆದ ಅಂಚನ್ನು ಬಹಳ ಹೊತ್ತು ಪರೀಕ್ಷಿಸಿದರು.

“ಅಲಗು ಹಳೆಯದೇ,” ಎಂದು ಇಂಗ್ಲಿಷಿನಲ್ಲಿ ಹೇಳಿದರು. “ಹಿಡಿಯ ಬಗ್ಗೆ ಏನೂ ಹೇಳಲಾರೆ. ಸಾಕ್ಷ್ಯವೇ ಉಳಿದಿಲ್ಲ.”

ಹಲ್ಲು ಕಚ್ಚಿ ನಾದಿನಿಗೆ ಅದನ್ನು ಕನ್ನಡದಲ್ಲಿ ತಿಳಿಸಿದೆ.

“ಉಳಿದಿಲ್ಲ ಅಂದ್ರೆ?” ಎಂದಳು ಅವಳು. “ಸಿಂಕ್ ಇನ್ನೂ ತೊಳೆದಿಲ್ಲ. ಒಳಗೆ ಬಂದು ನೋಡೋಕೆ ಹೇಳಿ!”