ಗೆದ್ದವರ ಹಾಡು

ಗಾಡಿಯವನ ಹೊಟ್ಟೆಕಿಚ್ಚಿಗೆ ಕಡ್ಡಿ ಗೀರಿದ್ದು ಒಂದು ಹಳೆಯ ಕೈಗಡಿಯಾರ. ತೀರಿಹೋದ ಮಾವನದು. ಅಂತರರಾಷ್ಟ್ರೀಯ ಐಸ್ ಹಾಕಿ ಪಂದ್ಯಾವಳಿಯಲ್ಲಿ ಪ್ರತಿ ಪಂದ್ಯದ ಕೊನೆಗೆ ಒಳ್ಳೆಯ ಆಟಗಾರನಿಗೆ ಬಹುಮಾನ ಕೊಡುತ್ತಾರಲ್ಲ, ಹಾಗೆಯೇ ಇವತ್ತು ಒಳ್ಳೆಯ ಅಳಿಯನಿಗೆ ಇದನ್ನು ಕೊಡುತ್ತೇನೆಂದು ಅತ್ತೆ ಅದನ್ನು ಕೈಚೀಲದಲ್ಲಿಟ್ಟುಕೊಂಡು ಪಂದ್ಯಕ್ಕೆ ಬಂದಿದ್ದರು.

ಅಳಿಯಂದಿರಿಬ್ಬರೂ ಅದೇ ಕ್ರೀಡಾಂಗಣದ ನೌಕರರು. ಇವನು ಕೆಳಗೆ, ಆಟದ ನಡುವಿನ ಬಿಡುವಿನಲ್ಲಿ ಗಾಡಿ ಓಡಿಸಿ, ಗೀರುಬಿದ್ದ ಮಂಜುಗಡ್ಡೆಯನ್ನು ಕನ್ನಡಿಯಂತೆ ಮಾಡುವವನು. ಷಡ್ಡಕ ಮೇಲೆ, ಗಾಜಿನ ಕೋಣೆಯಲ್ಲಿ. ಪಂದ್ಯ ಮುಗಿದೊಡನೆ ಗೆದ್ದ ದೇಶದ ರಾಷ್ಟ್ರಗೀತೆ ಹಾಕುವವನು.

“ಇವತ್ತು ಒಂದೇ ಒಂದು ಅಂಕ ಸಾಕು ಅತ್ತೆ,” ಷಡ್ಡಕ ವಿವರಿಸುತ್ತಿದ್ದ. “ಮೂರು ಅವಧಿಯೊಳಗೇ ಗೆದ್ರೆ ಮೂರು ಅಂಕ. ಸಮ ಆದ್ರೆ ಹೆಚ್ಚುವರಿ ಆಟ. ಅದರಲ್ಲಿ ಗೆದ್ದೋರಿಗೆ ಎರಡು, ಸೋತೋರಿಗೂ ಒಂದು. ಅದೂ ಸಿಗ್ಲಿಲ್ಲ ಅಂದ್ರೆ ಮುಂದಿನ ವರ್ಷ ನಮ್ಮ ತಂಡ ಕೆಳಗಿನ ದರ್ಜೆಗೆ.”

“ಎಷ್ಟು ತಿಳ್ಕೊಂಡಿದೀರಿ ಅಳಿಯಂದ್ರೇ,” ಎಂದ ಅತ್ತೆ ಇವನ ಕಡೆ ತಿರುಗಿದರು. “ನಿಮಗೆ ಕಾಲು ಜೋಮು ಹಿಡಿಯಲ್ವಾ, ದಿನವಿಡೀ ಗಾಡಿ ಮೇಲೆ ಕೂತು?”

ಇವನ ಕಾಲಡಿ ಮಂಜುಗಡ್ಡೆ, ಹೊಟ್ಟೆಯೊಳಗೆ ಮಾತ್ರ ಧಗಧಗ ಒಲೆ. ಷಡ್ಡಕ ಕಾಫಿಗೆ ಹೋದದ್ದೇ ತಡ, ಇವನು ಗ್ರೀಸ್ ಮೆತ್ತಿದ ಕೈಯಲ್ಲೇ ಗಾಜಿನ ಕೋಣೆಯ ಮೆಟ್ಟಿಲು ಹತ್ತಿ, ಎರಡು ದೇಶಗಳ ಹಾಡಿನ ಡಿಸ್ಕುಗಳಲ್ಲಿ ಒಂದರ ಕವರಿಗೆ ಇನ್ನೊಂದನ್ನು ತುರುಕಿ ಬಂದ. ಯಾರೇ ಗೆಲ್ಲಲಿ, ಸೋತವರ ಹಾಡು ಮೊಳಗಬೇಕು. ಷಡ್ಡಕನ ಮಾನ ಜಾರಿ ಬೀಳಬೇಕು. ಆ ಹುಮ್ಮಸ್ಸಿನಲ್ಲಿ ಗಾಡಿಯನ್ನು ಗೋಡೆಗೆ ಗುದ್ದಿಸಿ ಮೇಲ್ವಿಚಾರಕನಿಂದ ಬೈಸಿಕೊಂಡ. ಅದೂ ಸಿಹಿಯಾಗಿತ್ತು.

ಮೂರು ಅವಧಿ ಮುಗಿದಾಗ ಎರಡೆರಡು ಗೋಲು. ಅಂಕ ಸಿಕ್ಕಿತೆಂದು ಜನ ಕುಣಿದರು. ಹೆಚ್ಚುವರಿ ಆಟದಲ್ಲಿ ಮಾತ್ರ ನಮ್ಮವರು ಸೋತರು. ತಂಡಗಳು ಸಾಲಾಗಿ ನಿಂತವು. ಹಾಡು ಶುರುವಾಯಿತು, ನಮ್ಮದೇ.

ಇವನು ಗಾಡಿಯ ಮೇಲೆ ಕೂತು ಷಡ್ಡಕನಿಗೆ ಬೀಳುವ ಬೈಗುಳಕ್ಕೆ ಕಿವಿ ನಿಮಿರಿಸಿದ. ಜನ ಮುಖ ಮುಖ ನೋಡಿಕೊಂಡರು. ಆಮೇಲೆ ಇಡೀ ಕ್ರೀಡಾಂಗಣ ಎದ್ದು ನಿಂತು ದನಿಗೂಡಿಸಿತು. ಸೋತೂ ದರ್ಜೆ ಉಳಿಸಿಕೊಂಡ ತಂಡಕ್ಕೆ ಗೌರವವೆಂದೇ ಎಲ್ಲರೂ ತಿಳಿದರು. ಗೆದ್ದವರೂ ನಗುತ್ತ, ಮೆಚ್ಚುಗೆಗೆಂದು ಕೋಲಿನಿಂದ ಮಂಜುಗಡ್ಡೆ ತಟ್ಟಿದರು. ಅಷ್ಟರಲ್ಲಿ ಷಡ್ಡಕ ಅವರ ಹಾಡನ್ನೂ ಹುಡುಕಿ ಹಾಕಿದ.

ಅತ್ತೆ ಕಣ್ಣೊರೆಸಿಕೊಳ್ಳುತ್ತ ಷಡ್ಡಕನ ಕೈಗೆ ಗಡಿಯಾರ ಕಟ್ಟಿದರು. “ನೀವೂ ಇದೀರಿ,” ಇವನಿಗೆ ಹೇಳಿದರು. “ಅಷ್ಟೂ ಜನ ಎದ್ದು ನಿಂತ್ರೂ ನೀವೊಬ್ರೇ ಕೂತಿದ್ರಲ್ಲ. ದೊಡ್ಡ ಪರದೆ ಮೇಲೆ ತೋರಿಸ್ತಿದ್ರು.”

ಷಡ್ಡಕ ಇವನ ಕಿವಿಯ ಬಳಿ ಬಾಗಿದ. “ಕವರಿನ ಮೇಲೆ ನಿಮ್ಮ ಗ್ರೀಸ್ ಬೆರಳಿನ ಗುರುತು ಮೂಡಿದೆ ಅಣ್ಣಾ. ಯಾರಿಗೂ ಹೇಳಲ್ಲ ಬಿಡಿ. ಇನ್ಮೇಲೆ ಗಂಟೆ ಎಷ್ಟಾಯ್ತು ಅಂತ ಬೇಕಾದ್ರೆ ನನ್ನನ್ನೇ ಕೇಳಿ.”