ಬಿಳಿ ಬಟ್ಟೆ ಹೊದ್ದು ಕುಳಿತ ಎಂಜಿನ್

ಕಾರಿನ ಎಂಜಿನ್ ಬಿಚ್ಚುವುದು ಅಂಥ ದೊಡ್ಡ ವಿದ್ಯೆಯೇನಲ್ಲ ಎಂದು ಮಸ್ಕಿಯ ನನ್ನ ಬಟ್ಟೆ ಅಂಗಡಿಯ ಗಲ್ಲಾದಲ್ಲಿ ಕುಳಿತೇ ತೀರ್ಮಾನಿಸಿದೆ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಮೊಬೈಲಿನಲ್ಲಿ ಅದೇ ವಿಡಿಯೋ ನೋಡುತ್ತಿದ್ದೆ. ಬಿಚ್ಚಿದವರೆಲ್ಲ ಕೊನೆಗೆ ನಗುತ್ತಿದ್ದರು. ನಗಲು ನನಗೂ ಬರುತ್ತದೆ!

ನಮ್ಮ ಹಳೆಯ ಕಾರು ಹೊಗೆ ಉಗುಳುತ್ತಿತ್ತು. ಶುಕ್ರವಾರ ಲಿಂಗಸುಗೂರಿನಲ್ಲಿ ನಾದಿನಿಯ ಸೀಮಂತದ ಕುಬಸ. ಅದು ಮುಗಿದ ಮೇಲೆ ಬಸುರಿ ತಂಗಿಯನ್ನು ನಮ್ಮ ಕಾರಿನಲ್ಲೇ ಬಳಗಾನೂರಿನ ತವರಿಗೆ ಕರೆತರುತ್ತೇನೆಂದು ನನ್ನ ಹೆಂಡತಿ ಶಿವಲೀಲಾ ಇಡೀ ಬಳಗಕ್ಕೆ ಮಾತು ಕೊಟ್ಟಿದ್ದಳು. ಆ ಮಾತು ನಿಲ್ಲುವುದು ನನ್ನ ಕೈಯಲ್ಲಿತ್ತು. ಗ್ಯಾರೇಜಿಗೆ ಒಯ್ಯಿರಿ ಎಂದು ಆಕೆ ಹೇಳಿದ್ದು ನಿಜ. ಮನೆಯಲ್ಲೇ ತಜ್ಞನಿರುವಾಗ ಗ್ಯಾರೇಜೇಕೆ ಎಂದು ನಾನು ಹೇಳಿದ್ದೂ ನಿಜ.

ಬಿಚ್ಚಿದ ಎಂಜಿನ್ನನ್ನು ನೆಲದ ಮೇಲೆ ಇಡಬಾರದಂತೆ. ಅದಕ್ಕೆ ಗಾಲಿಗಳಿರುವ ಕಬ್ಬಿಣದ ಸ್ಟ್ಯಾಂಡ್ ಬೇಕು. ಎಂಜಿನ್ನನ್ನು ಅದರ ಬೆನ್ನಿಗೆ ಬೋಲ್ಟ್ ಹಾಕಿ ಬಿಗಿಯಬೇಕು. ಗಟ್ಟಿಯೂ ಇರಬೇಕು, ಅಗ್ಗವೂ ಇರಬೇಕು ಎಂದು ಸಿಂಧನೂರಿಗೆ ಹೋದೆ. ಗಟ್ಟಿ ಇದ್ದದ್ದು ಅಗ್ಗವಿರಲಿಲ್ಲ. ಅಗ್ಗದ್ದಕ್ಕೆ ನಾನು ಒರಗಿದರೆ ಅದು ನನಗೇ ಒರಗಿತು.

ಸೋತು ಹಿಂದಿರುಗುವಾಗ ದಾರಿಯಲ್ಲೊಂದು ವೆಲ್ಡಿಂಗ್ ಅಂಗಡಿ ಕಂಡಿತು. ಮೂಲೆಯಲ್ಲಿ ಗೋಣಿಚೀಲ ಹೊದಿಸಿ ಏನನ್ನೋ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಚೀಲ ಸರಿಸಿದೆ. ದಪ್ಪ ಪೈಪು, ಅಗಲ ತಳ, ನಾಲ್ಕು ಗಾಲಿ, ಎತ್ತರದ ಬೆನ್ನು, ಎರಡು ಕೈಗಳು! ಕೆಳಗೊಂದು ಹಲಗೆ ಇತ್ತು, ಆಯಿಲ್ ಡಬ್ಬಿ ಇಡುವುದಕ್ಕೆ ಎಂದುಕೊಂಡೆ. ನಾಲ್ಕು ಮೂಲೆಯಲ್ಲಿ ಕೊಳವೆಗಳಿದ್ದವು, ಬೋಲ್ಟ್ ತಿರುಗಿಸುವ ಪಾನಾ ಸಿಕ್ಕಿಸುವುದಕ್ಕೆ ಎಂದುಕೊಂಡೆ. ಗಟ್ಟಿತನ ಪರೀಕ್ಷಿಸಲು ನಾನೇ ಹತ್ತಿ ಕುಳಿತೆ.

ವೆಲ್ಡಿಂಗ್‌ನವನ ಮುಖ ಬಿಳಿಚಿತು. “ಮೊದ್ಲ ಕೆಳಗ ಇಳೀರಿ ಸಾವಕಾರ್ರ,” ಎಂದ.

ಬೆಲೆ ಕೇಳಿದೆ. ನಾನು ಅಂದುಕೊಂಡದ್ದಕ್ಕಿಂತ ಕಡಿಮೆ ಹೇಳಿದ. ಯಾರು ಮಾಡಿಸಿದ್ದು ಎಂದೆ. ಮಾಡಿಸಿದವರಿಗೆ ಸದ್ಯಕ್ಕೆ ಬೇಕಾಗಲಿಲ್ಲ ಎಂದು ಬೇರೆ ಕಡೆ ನೋಡಿದ. ಟಂಟಂ ಆಟೋಗೆ ಹೇರುವಾಗ ಒಂದೇ ಮಾತು ಹೇಳಿದ: “ಒಯ್ದ ಮ್ಯಾಲ ಹೊಳ್ಳಿ ತರಬ್ಯಾಡ್ರಿ.”

ಇಷ್ಟು ನಂಬಿಕೆಯಿಂದ ಮಾಲು ಮಾರುವ ವ್ಯಾಪಾರಿಯನ್ನು ನಾನು ಕಂಡಿರಲಿಲ್ಲ!

ಅಂಗಳದ ಬೇವಿನ ಕೊಂಬೆಗೆ ಚೈನ್ ಪುಲ್ಲಿ ಕಟ್ಟಿ, ಓಣಿಯವರನ್ನೆಲ್ಲ ಕೂಗಿ, ಎಂಜಿನ್ನನ್ನು ಎತ್ತಿ ಸ್ಟ್ಯಾಂಡಿಗೆ ಬಿಗಿದೆ. ಧೂಳು ಬೀಳಬಾರದೆಂದು ಅಂಗಡಿಯಿಂದ ಬಿಳಿ ಮಾಂಜರಪಾಟು ಬಟ್ಟೆ ತಂದು ಹೊದಿಸಿದೆ. ಅಷ್ಟರಲ್ಲಿ ಹೊತ್ತು ಮುಳುಗಿ ಕರೆಂಟ್ ಹೋಯಿತು. ಒಣಗಿದ ಬಟ್ಟೆ ತೆಗೆಯಲು ಬಂದ ಶಿವಲೀಲಾ ಬಾಗಿಲಲ್ಲೇ ನಿಂತಳು.

“ಏನ್ರೀ, ಅದು ಕುಂತೈತಿ,” ಎಂದಳು ಮೆಲ್ಲಗೆ.

ಎಂಜಿನ್ ಕೂರದೆ ಮತ್ತೇನು ಮಾಡುತ್ತದೆ ಎಂದು ಗದರಿದೆ. ಆದರೆ ನಾನೂ ತಿರುಗಿ ನೋಡಿದೆ. ಬಟ್ಟೆಯ ಒಳಗೊಂದು ತಲೆಯಿತ್ತು, ಭುಜವಿತ್ತು. ಒಳಗಿನಿಂದ ಏನೋ ತೊಟ್ಟಿಕ್ಕುತ್ತಿತ್ತು. ಆಯಿಲ್ ಎಂದು ಗೊತ್ತಿದ್ದರೂ ಹತ್ತಿರ ಹೋಗಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬ ಗೇಟಿನ ಮುಂದೆ ಚಪ್ಪಲಿ ಕಳಚಿ ಕೈ ಮುಗಿದು ಮುಂದೆ ಹೋದ. ನನ್ನ ದುಡಿಮೆಗೆ ಊರಿನಲ್ಲಿ ಇಷ್ಟು ಗೌರವವಿದೆ ಎಂದು ಗೊತ್ತಿರಲಿಲ್ಲ!

ಬೆಳಿಗ್ಗೆ ನೋಡಿದರೆ ಸ್ಟ್ಯಾಂಡು ಮರದ ಕೆಳಗಿರಲಿಲ್ಲ. ಗೇಟಿನ ಹತ್ತಿರ, ಹೊರಗೆ ಮುಖ ಮಾಡಿ ಕುಳಿತಿತ್ತು. ಹಿಂದೆ ತಳ್ಳಿಟ್ಟೆ. ಮರುದಿನ ಬೆಳಿಗ್ಗೆ ಮತ್ತೆ ಗೇಟಿಗೇ ಬಂದಿತ್ತು. ಅಂಗಳ ಇಳಿಜಾರಾಗಿದೆ, ಗಾಲಿ ಉರುಳುತ್ತವೆ ಎಂದು ಹೆಂಡತಿಗೆ ವಿಜ್ಞಾನ ವಿವರಿಸಿದೆ. ಆಕೆ ಬೆರಳು ತೋರಿಸಿದಳು. ಬಿಳಿ ಬಟ್ಟೆಯ ಹಣೆಯಿರಬೇಕಾದ ಜಾಗದಲ್ಲಿ ಮೂರೆಳೆ ವಿಭೂತಿ, ಕೊರಳಿಗೊಂದು ಚೆಂಡುಹೂವಿನ ಮಾಲೆ.

ಇಳಿಜಾರು ವಿಭೂತಿ ಹಚ್ಚುವುದಿಲ್ಲ.

ಅಂದಿನಿಂದ ಹಗಲಿನಲ್ಲಿ ಮಾತ್ರ ಕೆಲಸ ಮಾಡಿದೆ, ಅದೂ ಒಂದು ಕಣ್ಣು ಗೇಟಿನ ಮೇಲಿಟ್ಟು. ಹೀಗೆ ಬಿಚ್ಚಿದ ಬೋಲ್ಟುಗಳು ಯಾವುದು ಎಲ್ಲಿಯದೆಂದು ನೆನಪು ಉಳಿಯುವುದಿಲ್ಲ. ಚೀಲವೊಂದು ತುಂಬಿತು. ಶುಕ್ರವಾರ ಹತ್ತಿರ ಬಂತು.

ಬುಧವಾರ ಸಂಜೆ ಅಂಗಡಿ ಮುಚ್ಚಿ ಬಂದೆ. ಮಬ್ಬುಗತ್ತಲು. ಎಂಜಿನ್ನಿನ ಎದುರು ಕಟ್ಟೆಯ ಮೇಲೆ ಒಬ್ಬ ದೊಡ್ಡ ದೇಹದ ಮುದುಕ, ಬಿಳಿ ಧೋತರ, ಹಣೆಯ ತುಂಬ ವಿಭೂತಿ, ಅಲುಗಾಡದೆ ಕುಳಿತಿದ್ದ. ಗುರುತು ಹತ್ತಿತು. ಬಳಗಾನೂರಿನ ಅಮರಪ್ಪಜ್ಜ! ಹೋದ ತಿಂಗಳು ಆತನ ಮಕ್ಕಳು ನನ್ನ ಅಂಗಡಿಗೆ ಬಂದು, ಅಪ್ಪ ಬೆಳಗು ಕಾಣುವುದಿಲ್ಲವೆಂದು ಅತ್ತು, ಆತನ ಮೈಮೇಲೆ ಹೊದಿಸಲು ಇದೇ ಬಿಳಿ ಬಟ್ಟೆ ಒಯ್ದಿದ್ದರು. ನಾನೇ ಅಳೆದು ಹರಿದು ಕೊಟ್ಟಿದ್ದೆ.

ಮುದುಕ ನಿಧಾನವಾಗಿ ನನ್ನ ಕಡೆ ತಿರುಗಿದ. “ನನ್ನ ಜಾಗಾದಾಗ ಯಾರನ್ನ ಕುಂದರಿಸೀಯಪ್ಪ?”

ಹಿಂದಕ್ಕೆ ಸರಿದು ಗೇಟಿನ ಕಂಬಿ ಹಿಡಿದುಕೊಂಡೆ. ಆಗ ಒಳಗಿನಿಂದ ಶಿವಲೀಲಾ ಚಹಾ ತಂದು ಅಜ್ಜನ ಕೈಗಿಟ್ಟಳು. ಅಜ್ಜ ಸೊರ್ರೆಂದು ಕುಡಿದ. ಸತ್ತವರು ಹಾಗೆ ಸದ್ದು ಮಾಡಿ ಕುಡಿಯುವುದಿಲ್ಲ.

ಅಜ್ಜ ಸತ್ತಿರಲಿಲ್ಲ, ಗುಣವಾಗಿ, ಹಿಂದಿನ ಓಣಿಯ ಮಗಳ ಮನೆಗೆ ಬಂದಿದ್ದ. ಅವರ ಪೈಕಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನ ವಿಮಾನ ಕಟ್ಟಿ, ಹೂವಿನಿಂದ ಸಿಂಗರಿಸಿ, ಅದರಲ್ಲಿ ಕೂರಿಸಿ ಮೆರವಣಿಗೆ ಮಾಡುತ್ತಾರೆ. ಅಜ್ಜನ ಅಣ್ಣನೂ ದೊಡ್ಡ ದೇಹದವನೇ. ಕಾಲುವೆ ದಂಡೆಯ ಮೇಲೆ ಅವನ ವಿಮಾನ ವಾಲಿ, ಹೆಣ ಜಾರಿ, ಜನ ನಕ್ಕಿದ್ದರು. ತನಗೆ ಹಾಗಾಗಬಾರದೆಂದು ಅಜ್ಜ ತನ್ನದನ್ನು ಕಬ್ಬಿಣದಲ್ಲೇ ಮಾಡಿಸಿಟ್ಟಿದ್ದ. ಗುಣವಾದ ಮೇಲೆ ಮಕ್ಕಳು ಅಪಶಕುನವೆಂದು, ಅಜ್ಜನನ್ನು ಕೇಳದೆ, ವೆಲ್ಡಿಂಗ್ ಅಂಗಡಿಗೇ ಹಿಂದಿರುಗಿಸಿದ್ದರು.

ಆ ಹಲಗೆ ಅಜ್ಜನ ಪಾದಕ್ಕೆ. ಆ ಕೊಳವೆಗಳು ಬಾಳೆಕಂಬಕ್ಕೆ. ನಾನು ಅದರಲ್ಲಿ ಕುಳಿತೂ ನೋಡಿದ್ದೆ!

ವಿಭೂತಿ ಹಚ್ಚಿದವರು ನೀವೋ ಎಂದೆ. “ತಾನ ಉರುಳಿ ಗೇಟಿಗೆ ಬಂದಿತ್ತು. ಯಾರರ ಇರ್ಲಿ, ನನಗಿಂತ ಮೊದ್ಲ ಹೊಂಟಾರ. ಛಂದಾಗಿ ಹೋಗ್ಲಿ ಅಂತ ಹಚ್ಚೀನಿ,” ಎಂದ ಅಜ್ಜ. ಆಮೇಲೆ ತಗ್ಗಿದ ದನಿಯಲ್ಲಿ, “ಅದನ್ನ ನನಗ ಕೊಡಪ್ಪ. ವಾಲಿ ಹೋಗಾಕ ಮನಸಿಲ್ಲ,” ಎಂದ. ಶಿವಲೀಲಾ ನನ್ನನ್ನು ನೋಡಿದ ನೋಟದಲ್ಲಿ ಗ್ಯಾರೇಜಿನ ದಾರಿ ಸ್ಪಷ್ಟವಾಗಿತ್ತು.

ಗುರುವಾರ ಎಂಜಿನ್ನನ್ನು ಸ್ಟ್ಯಾಂಡಿನ ಮೇಲೇ ಗ್ಯಾರೇಜಿಗೆ ತಳ್ಳಿಕೊಂಡು ಹೊರಟೆವು. ರಸ್ತೆ ಧೂಳೆಂದು ಬಟ್ಟೆ ತೆಗೆಯಲಿಲ್ಲ. ದೇವರ ಹೂವೆಂದು ಮಾಲೆ ತೆಗೆಯಲಿಲ್ಲ. ಮುಂದೆ ಕೋಲೂರಿಕೊಂಡು ಅಜ್ಜ, ಹಿಂದೆ ನಾನು ಮತ್ತು ಅಜ್ಜನ ಅಳಿಯ. ಬಜಾರಿಗೆ ಬರುತ್ತಿದ್ದಂತೆ ಅಂಗಡಿಗಳ ಷಟರ್ ಅರ್ಧಕ್ಕಿಳಿದವು. ಗಾಡಿಗಳು ನಿಂತವು. ಎಲ್ಲಿಂದಲೋ ತಾಳ ಹಿಡಿದು ಭಜನೆಯವರು ಸೇರಿಕೊಂಡರು. ಮಂಡಕ್ಕಿ ಬಿದ್ದವು.

ಪಕ್ಕದಲ್ಲಿ ನಡೆಯುತ್ತಿದ್ದವರೊಬ್ಬರು ಯಾರ ಮನೆಯವರು ಎಂದು ಕೇಳಿದರು. ನಮ್ಮನೆಯದೇ ಎಂದೆ. ವಯಸ್ಸೆಷ್ಟು ಎಂದರು. ಹದಿನೆಂಟು ಎಂದೆ. ಅವರು ಅಲ್ಲೇ ನಿಂತು ಅತ್ತುಬಿಟ್ಟರು. ಸತ್ಯ ಹೇಳುವ ಕಾಲ ಮೀರಿತ್ತು.

ಮೆಕ್ಯಾನಿಕ್ ಬಟ್ಟೆ ಸರಿಸಿದ. ಭಜನೆ ನಿಂತಿತು. ಆತ ಒಳಗೆ ಬಗ್ಗಿ ಬಹಳ ಹೊತ್ತು ನೋಡಿದ. ನಾನು ಬೋಲ್ಟಿನ ಚೀಲ ಮುಂದೆ ಹಿಡಿದೆ. “ಭಜನಿ ನಿಲ್ಲಸಬ್ಯಾಡ್ರಿ,” ಎಂದ.

ಮರುದಿನ ಕುಬಸ ಮುಗಿದ ಮೇಲೆ ಬಾಡಿಗೆ ಕಾರಿನಲ್ಲಿ ಹೆಂಡತಿ, ನಾದಿನಿ, ಬಳಗವೆಲ್ಲ ಬಳಗಾನೂರಿಗೆ ಹೋದರು. ಜಾಗ ಸಾಲದ್ದಕ್ಕೆ ನಾನು ಬಸ್ಸಿನಲ್ಲಿ ಹೋದೆ.

ಗುರುವಾರ ಗ್ಯಾರೇಜಿನಲ್ಲಿ ಎಂಜಿನ್ ಇಳಿಸಿದ ಕೂಡಲೇ ಅಜ್ಜ ತನ್ನ ವಿಮಾನ ಹತ್ತಿ ಕುಳಿತಿದ್ದ. ಎಡಕ್ಕೆ ವಾಲಿದ, ಬಲಕ್ಕೆ ವಾಲಿದ. ಅದು ಜಗ್ಗಲಿಲ್ಲ. ಮುಖ ಅರಳಿತು. ನನ್ನನ್ನು ಹತ್ತಿರ ಕರೆದ. ಆಶೀರ್ವಾದಕ್ಕೆಂದು ತಲೆ ಬಗ್ಗಿಸಿದೆ.

“ನನ್ನ ದಿನಕ್ಕ ನೀ ಬರಬೇಕು ಮತ್ತ. ಬಟ್ಟಿನೂ ನಿನ್ನ ಅಂಗಡೀದ ಇರ್ಲಿ,” ಎಂದ ಅಜ್ಜ. “ಖರೆ, ಪಾನಾ ಮಾತ್ರ ಮನ್ಯಾಗ ಇಟ್ಟು ಬಾ.”